ಹೊನ್ನೆಜಡ್ಡು ಕ್ರಾಸಿನ ಆಕ್ಷೇಪಣೆ

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ಬಸ್ಸು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬ ಸರ್ಕಾರದ ನೀತಿಯನ್ನು ರೂಪಿಸಿದ ಮನುಷ್ಯ ನಾನೇ. ಜಂಬಕ್ಕೆ ಹೇಳುತ್ತಿಲ್ಲ. ಜಂಬ ಪಡುವ ಸಂಗತಿಯಾಗಿದ್ದರೆ ಸಾಗರದ ಸಂತೆಯಲ್ಲಿ ನಾನು ಬಿಸಿಲಿಲ್ಲದಿದ್ದರೂ ಕೊಡೆ ಬಿಡಿಸಿ ಮುಖ ಮರೆಸಿಕೊಂಡು ಓಡಾಡಬೇಕಾಗಿರಲಿಲ್ಲ. ಎಂಎಲ್‌ಎಗಳು ಐದು ವರ್ಷ ಭಾಷಣ ಮಾಡಿದರೂ ಸರ್ಕಾರದ ಒಂದು ನಿಯಮ ಅಲುಗಾಡುವುದಿಲ್ಲ. ನಾನು ಒಂದು ಮಧ್ಯಾಹ್ನ, ಊಟವಾದ ಮೇಲೆ, ಎರಡೇ ಮಾತಿನಲ್ಲಿ ಆ ಕೆಲಸ ಮುಗಿಸಿದೆ.

ಎಂಬತ್ತೊಂದನೇ ಇಸವಿಯ ಮಾತು. ಪಹಣಿ ತರಲು ಹೊಸನಗರದ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಪಹಣಿ ಕೊಡುವ ಗುಮಾಸ್ತರು ಚಹಾಕ್ಕೆ ಹೋಗಿದ್ದರು. ಅವರು ಯಾವಾಗಲೂ ಚಹಾಕ್ಕೆ ಹೋಗಿರುತ್ತಿದ್ದರು. ಹೊತ್ತು ಕಳೆಯಬೇಕಲ್ಲ ಎಂದು ಗೋಡೆಯ ನೋಟೀಸ್ ಬೋರ್ಡು ಓದುತ್ತಾ ನಿಂತೆ. ಆ ಬೋರ್ಡಿನ ಮೇಲೆ ಜೇಡ ಬಲೆ ಕಟ್ಟಿತ್ತು. ಬಲೆಯ ಹಿಂದೆ ಸಾರಿಗೆಯವರ ಒಂದು ಪ್ರಕಟಣೆ. ಹೊಸನಗರದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಬಸ್ಸುಗಳು ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲುವುದನ್ನು ತಪ್ಪಿಸಲು ಇನ್ನು ಮುಂದೆ ಗೊತ್ತುಪಡಿಸಿದ ನಿಲ್ದಾಣಗಳಲ್ಲಿ ಮಾತ್ರ ನಿಲ್ಲತಕ್ಕದ್ದು ಎಂಬುದು ಕರಡು ನಿಯಮ. ಕೆಳಗೆ ನಿಲ್ದಾಣಗಳ ಹೆಸರು. ಅದರಲ್ಲಿ ನಮ್ಮ ಹೊನ್ನೆಜಡ್ಡು ಕ್ರಾಸ್ ಇರಲಿಲ್ಲ. ಅದರ ಕೆಳಗೆ, 'ಸಾರ್ವಜನಿಕರ ಆಕ್ಷೇಪಣೆಗಳೇನಾದರೂ ಇದ್ದಲ್ಲಿ ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು' ಎಂದಿತ್ತು.

ನಾನು ಆ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ನಮ್ಮ ಮನೆಯಲ್ಲಿ ಸಾರಿಗೆ ಏನು ಹಾಕಬೇಕು ಎಂದು ಕೂಡ ಯಾರೂ ನನ್ನನ್ನು ಕೇಳಿದ್ದಿಲ್ಲ. ಅಂಥ ನನ್ನ ಅಭಿಪ್ರಾಯವನ್ನು ಸರ್ಕಾರ ಕೇಳುತ್ತಿತ್ತು. ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು.

ಅಷ್ಟರಲ್ಲಿ ಗುಮಾಸ್ತ ನಾರಾಯಣಮೂರ್ತಿಗಳು ಚಹಾ ಮುಗಿಸಿ ಬಂದರು. "ಎಂಥ ಗಿರಿಯಪ್ಪ, ಬೋರ್ಡು ಓದ್ತಾ ಇದೀರಿ? ಅದನ್ನ ಯಾರೂ ಓದೋದಿಲ್ಲ ಮಾರಾಯ್ರೆ."

"ಸರ್ಕಾರ ಆಕ್ಷೇಪಣೆ ಕೇಳಿದೆಯಲ್ಲ ಸ್ವಾಮಿ. ಕೊಟ್ಟರೆ ಎಂಥಾಗ್ತದೆ?"

"ಎಂಥಾಗ್ತದೆ ಅಂದ್ರೆ? ಕೊಟ್ಟಮೇಲೆ ಅವರು ಬಂದು ಕೇಳ್ಲೇಬೇಕು. ಕಾನೂನು ಅದು. ಆದ್ರೆ ಇವತ್ತಿನವರೆಗೆ ಒಬ್ಬರೂ ಕೊಟ್ಟಿದ್ದನ್ನ ನಾನು ಕಾಣ್ಲಿಲ್ಲ."

ಅವರು ಎಚ್ಚರಿಕೆಗೆಂದು ಹೇಳಿದ್ದೋ ಏನೋ. ನನಗೆ ಅದು ಆಹ್ವಾನದ ಹಾಗೆ ಕೇಳಿಸಿತು. ಕಾಗದ ಪತ್ರದ ವ್ಯವಹಾರದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಅಹಂಕಾರ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ನಾವು ಡಿಕ್ಲರೇಷನ್ ಕೊಟ್ಟು ಗೇಣಿಗೆ ಮಾಡುತ್ತಿದ್ದ ಗದ್ದೆಯನ್ನು ಸ್ವಂತ ಮಾಡಿಕೊಂಡಿದ್ದೆವು. ಊರಿನಲ್ಲಿ ಈ ಕಥೆಯನ್ನು ನಾನು ಹೇಳುವಾಗ 'ಹೋರಾಡಿ ಪಡೆದೆವು' ಎಂದೇ ಹೇಳುವುದು. ನಿಜ ಹೇಳಬೇಕೆಂದರೆ ಅರ್ಜಿ ಬರೆದವರು ಬೇರೆ, ಹೆಬ್ಬೆಟ್ಟು ಒತ್ತಿದವರು ಅಪ್ಪಯ್ಯ. ನಾನು ಶಾಯಿಯ ಡಬ್ಬಿ ಹಿಡಿದುಕೊಂಡಿದ್ದೆ.

ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದೆ. ಶರಾವತಿ ತೀರ್ಥಹಳ್ಳಿ ಕಡೆಯ ಅರಳಸುರಳಿಯ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಎಂಟೂವರೆ ಬಸ್ಸು ಒಂಬತ್ತಕ್ಕೆ ಬರುತ್ತಿತ್ತು. ಅದನ್ನು ಯಾರೂ ತಡ ಎನ್ನುತ್ತಿರಲಿಲ್ಲ, ಎಂಟೂವರೆ ಬಸ್ಸು ಒಂಬತ್ತಕ್ಕೆ ಬರುವುದೇ ಅದರ ಸರಿಯಾದ ವೇಳೆ.

ಅವಳು ಅಕ್ಕಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಕ್ರಾಸಲ್ಲಿ ನಿಲ್ಸೋದಿಲ್ಲ ಅಂದ್ರೆ ನಾನು ಹೆಂಗೆ ಹೋಗ್ಲಿ?"

"ಹಿಂದಿನ ನಿಲ್ದಾಣವೇ ಹತ್ತಿರ. ಅಲ್ಲಿಗೆ ಎರಡೂವರೆ ಮೈಲಿ ನಡೆದು ಹೋಗಿ ಹತ್ತಬೇಕು."

"ಅಂದ್ರೆ ಹೊಸನಗರದ ಕಡೆಗೆ ಎರಡೂವರೆ ಮೈಲಿ ನಡ್ಕೊಂಡು ಹೋಗಿ, ಬಸ್ ಹತ್ತಿ, ಮತ್ತೆ ನಮ್ಮ ಮನೆ ಎದುರಿಗೇ ಹಾದು ಹೋಗ್ಬೇಕು. ಅಷ್ಟೊತ್ತಿಗೆ ನೀವು ಜಗಲಿ ಮೇಲೆ ಕೂತು ನಂಗೆ ಕೈ ಬೀಸ್ತೀರಿ."

ಅವಳ ಮಾತಿನಲ್ಲಿ ಯಾವಾಗಲೂ ಹೀಗೆ ಒಂದು ಚಿತ್ರ ಇರುತ್ತದೆ. ಮಕ್ಕಳಿಗೆ ಪಾಠ ಹೇಳಿ ಅಭ್ಯಾಸ.

"ಅದೆಲ್ಲ ನನ್ನ ಕೈಲಾಗೋದಿಲ್ಲ," ಎಂದಳು. "ನಿಯಮ ಬಂತು ಅಂದ್ರೆ ನಾನು ಅರಳಸುರಳಿಲೇ ಒಂದು ರೂಮು ಮಾಡ್ತೀನಿ. ಶನಿವಾರ ಬತ್ತೀನಿ, ಸೋಮವಾರ ಹೋಗ್ತೀನಿ. ನಿಮಗೆ ಅನ್ನ ಮಾಡ್ಕೊಳೋಕೆ ಬತ್ತದಲ್ಲ?"

ನನಗೆ ಅನ್ನ ಮಾಡಲು ಬರುತ್ತದೆ ಎಂದು ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದಾಗ ಹೇಳಿದ್ದೆ. ಬರುವುದಿಲ್ಲ ಎಂಬುದು ನನಗೆ ಮಾತ್ರ ಗೊತ್ತಿತ್ತು. ಅನ್ನದ ಮಾತು ಹಾಗಿರಲಿ. ಸಂಜೆ ಬಸ್ಸಿನ ಹಾರ್ನು ಕೇಳಿ, ಅವಳು ಗದ್ದೆಯಂಚಿನಲ್ಲಿ ಚೀಲ ಹೆಗಲಿಗೇರಿಸಿ ಬರುವುದನ್ನು ಕಾಣದೆ ಆ ಜಗಲಿಯಲ್ಲಿ ಒಬ್ಬನೇ ಕೂರುವುದನ್ನು ನೆನೆಯಲೂ ನನ್ನಿಂದಾಗಲಿಲ್ಲ. ಅದನ್ನು ಅವಳ ಮುಂದೆ ಹೇಳಲು ನಾಚಿಕೆ. "ನಿಯಮ ಬಂದರೆ ತಾನೆ? ನಾನಿಲ್ಲವಾ?" ಎಂದೆ.

ಆಕ್ಷೇಪಣೆ ಬರೆದೆ. 'ಭಾರತ ದೇಶವು ಹಳ್ಳಿಗಳ ದೇಶವಾಗಿದ್ದು' ಎಂದು ಶುರು ಮಾಡಿದ್ದರಿಂದ ಹೊನ್ನೆಜಡ್ಡಿಗೆ ಬಂದು ಮುಟ್ಟುವಾಗ ಹಾಳೆಗಳು ಮುಗಿಯುತ್ತಾ ಬಂದಿದ್ದವು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರುವುದಿಲ್ಲ ಎಂದು ಶರಾವತಿ, ಬರುತ್ತದೆ ಎಂದು ನಾನು. ಬಂತು. 'ತಮ್ಮ ಆಕ್ಷೇಪಣೆಯನ್ನು ಪರಿಗಣಿಸಲಾಗಿದ್ದು, ಸ್ಥಳದಲ್ಲಿಯೇ ಸಾರ್ವಜನಿಕರ ತೊಂದರೆಗಳನ್ನು ಖುದ್ದು ವಿಚಾರಿಸಲು ಅಧಿಕಾರಿಗಳು ಬರುತ್ತಾರೆ.'

ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಆ ಇರುವೆ ಅಲ್ಲಿಂದ ಹತ್ತತೊಡಗಿತು.

ಕಾಗದ ಊರೆಲ್ಲ ಓಡಾಡಿತು. ಪಕ್ಕದ ಮನೆಯ ದುಗ್ಗಪ್ಪ ಅದನ್ನು ಓದಿಸಿಕೊಂಡು, "ಸಾಹೇಬ್ರು ನಮ್ಮೂರಿಗೆ ಬತ್ತಾರೆ ಅಂತ ಆಯ್ತಲ್ಲ. ಊಟಕ್ಕೆ ಎಂಥ ಮಾಡ್ತಿ ಗಿರಿಯಣ್ಣ?" ಎಂದ. ವಿಚಾರಣೆಯ ಬಗ್ಗೆ ಊರು ಕೇಳಿದ ಮೊದಲ ಪ್ರಶ್ನೆ ಇದು. ಕಡೆಯದೂ ಇದೇ ಎನ್ನಬಹುದು. ಸಾಹೇಬರು ಕೋಳಿ ತಿನ್ನುವವರೋ ತಿನ್ನದವರೋ ಎಂಬ ಚರ್ಚೆ ವಾರವಿಡೀ ನಡೆಯಿತು. ಸರ್ಕಾರಕ್ಕೆ ಬರೆದು ಕೇಳೋಣವೇ ಎಂದು ದುಗ್ಗಪ್ಪ ಸೂಚಿಸಿದ. ಕೊನೆಗೆ ಎರಡೂ ಬಗೆಯ ಅಡುಗೆ ಮಾಡುವುದೆಂದೂ, ಕಡುಬಿನ ಜವಾಬ್ದಾರಿ ಮೂಕಮ್ಮನದೆಂದೂ ತೀರ್ಮಾನವಾಯಿತು. ಮೂಕಮ್ಮ ನಮ್ಮೂರಿನ ಹಿರಿಯ ಹೆಂಗಸು. ಅವಳ ಕಡುಬಿನ ಮುಂದೆ ಬೇಡ ಎಂದವರು ಇನ್ನೂ ಹುಟ್ಟಿಲ್ಲ.

ಊಟಕ್ಕಿಂತ ಮಾತು ಮುಖ್ಯ ಎಂದು ನಾನು ಎಲ್ಲರನ್ನೂ ನಮ್ಮ ಅಂಗಳದಲ್ಲಿ ಕೂರಿಸಿ ಅಭ್ಯಾಸ ಮಾಡಿಸಿದೆ. ದುಗ್ಗಪ್ಪ ಸಾಹೇಬ. ಅವನಿಗೆ ನನ್ನ ಕೋಟು ತೊಡಿಸಿ ಕುರ್ಚಿಯಲ್ಲಿ ಕೂರಿಸಿದೆವು.

"ಬಸ್ಸು ನಿಲ್ಲಿಸದಿದ್ದರೆ ನಿಮಗೆ ತೊಂದರೆ ಉಂಟೇ?" ಎಂದು ದುಗ್ಗಪ್ಪ ಮೂಗಿನಲ್ಲಿ ಕೇಳಿದ.

ಮೂಕಮ್ಮ ಸೆರಗು ಹೊದ್ದು ಎದ್ದು ನಿಂತಳು. "ತೊಂದ್ರೆ ಎಂಥದೂ ಇಲ್ಲ ಸಾಹೇಬ್ರೆ. ನೀವು ಸೌಖ್ಯವಾ? ಮನೇಲಿ ಎಲ್ಲ ಸೌಖ್ಯವಾ?"

"ತೊಂದರೆ ಇದೆ ಅನ್ಬೇಕು ಮೂಕತ್ತೆ," ಎಂದೆ ನಾನು.

"ಮನೆಗೆ ಬಂದೋರ ಎದುರಿಗೆ ತೊಂದ್ರೆ ಇದೆ ಅಂತ ಹೆಂಗೆ ಅನ್ನೋದು, ಗಿರಿಯ? ಬಂದೋರಿಗೆ ಬೇಜಾರಾಗ್ತದೆ. ಆಮೇಲೆ ಅವರಿಗೆ ಅನ್ನ ಇಳೀತದಾ?"

ಇದು ನಮ್ಮ ಕಡೆಯ ಜಾಯಮಾನ. ಮನೆಯ ಸೂರು ಕುಸಿದು ಬಿದ್ದಿದ್ದರೂ ಬಂದವರು ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇವೆ, ಗಾಳಿ ಬೆಳಕು ಒಳ್ಳೆದಿದೆ ಎನ್ನುವ ಜನ. ನಾನು ಬಹಳ ತಿಳಿಸಿ ಹೇಳಿದೆ. ಇದು ನೆಂಟರ ವಿಚಾರ ಅಲ್ಲ, ಸರ್ಕಾರದ ವಿಚಾರ. ಕಷ್ಟವನ್ನು ಬಾಯಿಬಿಟ್ಟು ಹೇಳದಿದ್ದರೆ ಸರ್ಕಾರಕ್ಕೆ ಕಾಣುವುದಿಲ್ಲ ಎಂದೆ. ಎಲ್ಲರೂ ತಲೆ ಆಡಿಸಿದರು. ನಾನು ಹೇಳಿದ್ದಕ್ಕೆ ಇಲ್ಲ ಎಂದರೆ ನನಗೆ ಬೇಜಾರಾಗುತ್ತದೆ ಎಂದು ತಲೆ ಆಡಿಸಿದ್ದು ಎಂದು ಆಮೇಲೆ ತಿಳಿಯಿತು.

ವಿಚಾರಣೆಯ ದಿನ ಜೀಪು ಬಂತು. ಅಧಿಕಾರಿ ಅಂಜನಪ್ಪನವರು ಬಯಲುಸೀಮೆಯವರು, ಮೆತ್ತನೆಯ ಮನುಷ್ಯ. ಗದರುವ ಅಧಿಕಾರಿಯಾಗಿದ್ದರೆ ನಮ್ಮ ಜನ ಏನಾದರೂ ಮಾತಾಡುತ್ತಿದ್ದರೋ ಏನೋ. ಇವರು ಇಳಿಯುತ್ತಲೇ ಎಲ್ಲರಿಗೂ ಕೈ ಮುಗಿದರು. ಅಲ್ಲಿಗೇ ಅರ್ಧ ಕೇಸು ಬಿದ್ದುಹೋಯಿತು.

"ಮೊದಲು ವಿಚಾರಣೆ ಮುಗಿಸಿಬಿಡಾಣ," ಎಂದರು.

"ಹಸಿದುಕೊಂಡು ಎಂಥ ವಿಚಾರಣೆ?" ಎಂದಳು ಮೂಕಮ್ಮ. ಸರ್ಕಾರ ಎಲೆಯ ಮುಂದೆ ಕೂತಿತು. ಸಾಹೇಬರು ಎರಡೂ ಬಗೆಯ ಅಡುಗೆ ತಿನ್ನುವವರು ಎಂಬುದು ಸ್ಪಷ್ಟವಾಯಿತು. ಕಡುಬು ಸಾಕು ಎಂದಾಗಲೆಲ್ಲ ಮೂಕಮ್ಮ ಇನ್ನೊಂದು ಹಾಕಿದಳು. ಕೈ ತೊಳೆದು ಜಗಲಿಯ ಕುರ್ಚಿಯಲ್ಲಿ ಕೂತಾಗ ಅವರ ಕಣ್ಣುಗಳು ಅರ್ಧ ಮುಚ್ಚಿದ್ದವು. ಊರಿನವರೆಲ್ಲ ಅಂಗಳದಲ್ಲಿ ನಿಂತರು. ಶರಾವತಿಗೆ ಅಂದು ಶಾಲೆಯಲ್ಲಿ ಇನ್‌ಸ್ಪೆಕ್ಷನ್ನು, ರಜೆ ಸಿಕ್ಕಿರಲಿಲ್ಲ. ಹೋಗುವಾಗ, "ಹೇಳೋದನ್ನ ಹೇಳಿ, ಮರೀಬೇಡಿ," ಎಂದಷ್ಟೇ ಹೇಳಿದ್ದಳು.

ಸಾಹೇಬರು ಕಡತ ಬಿಚ್ಚಿ ಮೂಕಮ್ಮನನ್ನೇ ಮೊದಲು ಕೇಳಿದರು. "ಏನಮ್ಮಾ, ಬಸ್ಸು ಇಲ್ಲಿ ನಿಲ್ಲಸ್ಲಿಲ್ಲ ಅಂದ್ರೆ ನಿಮಗೆ ತೊಂದ್ರೆ ಆಯ್ತದಾ?"

ನಾನು ಅವಳ ಹಿಂದೆ ನಿಂತು ಕೆಮ್ಮಿದೆ. ಅವಳು ತಿರುಗಿ ನೋಡಿ, "ಇವನಿಗೆ ಶೀತ ಆಗಿದೆ," ಎಂದು ಸಾಹೇಬರಿಗೆ ವಿವರಿಸಿ, "ತೊಂದ್ರೆ ಎಂಥದು ಸಾಹೇಬ್ರೆ, ದೇವರು ಕಾಲು ಕೊಟ್ಟಿದಾನೆ. ನೀವು ಇಷ್ಟು ದೂರ ಬಂದಿದ್ದೇ ದೊಡ್ಡದು. ಇನ್ನು ಸ್ವಲ್ಪ ಮಜ್ಜಿಗೆ ತಗಳಿ," ಎಂದಳು.

ಸಾಹೇಬರು ಬರೆದುಕೊಂಡರು. ಮುಂದೆ ದುಗ್ಗಪ್ಪ. ಅಭ್ಯಾಸದಲ್ಲಿ ಸಾಹೇಬನಾಗಿದ್ದವನು ತಾನು, ಉತ್ತರ ಹೇಳುವ ಅಭ್ಯಾಸ ತನಗೆ ಆಗಿಲ್ಲ ಎಂಬುದು ಅವನಿಗೆ ಆಗ ಹೊಳೆದಿರಬೇಕು. "ಎರಡೂವರೆ ಮೈಲಿ ಅಂದ್ರೆ ನಮಗೆ ಅಂಗಳ ದಾಟಿದಂಗೆ ಸಾಹೇಬ್ರೆ," ಎಂದುಬಿಟ್ಟ. ಅವನು ಅಂಗಳ ದಾಟಿದಂಗೆ ಎಂದ ಮೇಲೆ ಪಕ್ಕದವನು ಬಿಡುತ್ತಾನೆಯೇ? ತಾನು ಹೊಸನಗರಕ್ಕೇ ನಡೆದು ಹೋಗುವವನೆಂದ. ಅವನ ಪಕ್ಕದವನು, ಬಸ್ಸಿನಲ್ಲಿ ಕೂತರೆ ತನಗೆ ತಲೆ ತಿರುಗುತ್ತದೆ, ನಡೆಯುವುದೇ ಹಿತ ಎಂದ. ಸೊಂಟ ನೋವೆಂದು ವರ್ಷದಿಂದ ಕೋಲು ಹಿಡಿದಿದ್ದವನೊಬ್ಬ ಕೋಲನ್ನು ಹಿಂದಕ್ಕೆ ಅಡಗಿಸಿ ನೆಟ್ಟಗೆ ನಿಂತ. ಅತಿಥಿಗೆ ಬೇಜಾರಾಗಬಾರದೆಂದು ಇಡೀ ಊರು ಒಂದು ಗಳಿಗೆಯಲ್ಲಿ ಆರೋಗ್ಯವಂತವಾಯಿತು.

ಕೊನೆಗೆ ಸಾಹೇಬರು ನನ್ನ ಕಡೆ ತಿರುಗಿದರು. "ಗಿರಿಯಪ್ಪನೋರೆ, ಆಕ್ಷೇಪಣೆ ಹಾಕಿದೋರು ನೀವು. ನೀವು ಹೇಳಿ. ನಿಮ್ಗೆ ತೊಂದ್ರೆ ಐತಾ?"

ನನ್ನ ಜೇಬಿನಲ್ಲಿ ಭಾರತ ದೇಶವು ಹಳ್ಳಿಗಳ ದೇಶವಾಗಿದ್ದು ಇತ್ತು. ಮನಸ್ಸಿನಲ್ಲಿ ಶರಾವತಿ ಇದ್ದಳು. ನಾನು ಮುಂದೆ ಬಂದು ನಿಂತೆ. ಸಾಹೇಬರು ನನ್ನನ್ನೇ ನೋಡಿ ನಕ್ಕರು. ನಮ್ಮ ಜಗಲಿಯಲ್ಲಿ, ನಮ್ಮ ಕುರ್ಚಿಯಲ್ಲಿ, ನಮ್ಮನೆಯ ಊಟ ಉಂಡು, ಎಲೆ ಅಡಿಕೆ ಮೆಲ್ಲುತ್ತಾ ಕೂತ ಮನುಷ್ಯ. ಅವರ ಮುಖ ನೋಡಿ ತೊಂದರೆ ಇದೆ ಎನ್ನಲು ನಾಲಗೆ ಏಳಲಿಲ್ಲ.

"ಎಂಥದೂ ಇಲ್ಲ ಸಾರ್," ಎಂದೆ. "ನೀವು ಬಂದಿದ್ದೇ ಸಂತೋಷ."

ಹೊರಡುವಾಗ ಸಾಹೇಬರ ಕಣ್ಣಲ್ಲಿ ನೀರಿತ್ತು. ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಜನರನ್ನು ನೋಡಿಲ್ಲ ಎಂದರು. ಮೂಕಮ್ಮ ಜೀಪಿನೊಳಗೆ ಕಡುಬಿನ ಬುಟ್ಟಿ ಇಟ್ಟಳು. ಜೀಪು ಹೋದ ಮೇಲೆ ಎಲ್ಲರೂ ನನ್ನ ಬೆನ್ನು ತಟ್ಟಿ, ವಿಚಾರಣೆ ಬಹಳ ಚೆನ್ನಾಗಿ ಆಯಿತು ಎಂದರು.

ಸಂಜೆ ಶರಾವತಿ ಬಂದು, "ಹೇಳಿದ್ರಾ?" ಎಂದಳು.

"ಸಾಹೇಬರು ತುಂಬ ಒಳ್ಳೆಯವರು," ಎಂದೆ. ಅವಳು ಅಟ್ಟದ ಮೇಲಿದ್ದ ಟ್ರಂಕನ್ನು ಇಳಿಸಿ ಒರೆಸತೊಡಗಿದಳು.

ಆದೇಶ ಬರಲು ತಡವಾಗಲಿಲ್ಲ. ಸರ್ಕಾರದ ಕೆಲಸ ನಿಧಾನ ಎಂದು ಯಾರು ಹೇಳಿದ್ದೋ. ನಾರಾಯಣಮೂರ್ತಿಗಳು ನನ್ನನ್ನು ಬೋರ್ಡಿನ ಬಳಿಗೇ ಕರೆದುಕೊಂಡು ಹೋಗಿ ತೋರಿಸಿದರು. 'ಹೊನ್ನೆಜಡ್ಡು ಕ್ರಾಸಿನ ಸಾರ್ವಜನಿಕರು ಏಕಕಂಠದಿಂದ ನಿಯಮವನ್ನು ಸ್ವಾಗತಿಸಿದ್ದು, ಮಲೆನಾಡಿನ ಜನ ನಡಿಗೆಯನ್ನೇ ಇಷ್ಟಪಡುತ್ತಾರೆಂದು ಮನವರಿಕೆಯಾಗಿರುವುದರಿಂದ, ಸದರಿ ನಿಯಮವನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಎಲ್ಲ ರಸ್ತೆಗಳಿಗೂ ವಿಸ್ತರಿಸಲಾಗಿದೆ.'

"ಬರೀ ಒಂದು ರಸ್ತೆಗೆ ಅಂತ ಇತ್ತು ಮಾರಾಯ್ರೆ," ಎಂದರು ನಾರಾಯಣಮೂರ್ತಿ. "ಅದೂ ಬೋರ್ಡಲ್ಲೇ ಕೊಳೆತು ಹೋಗ್ತಿತ್ತು. ಇನ್ನು ನಾನೂ ಮನೆಗೆ ನಡ್ಕೊಂಡೇ ಹೋಗ್ಬೇಕು." ಆ ದಿನ ಅವರು ನನ್ನನ್ನು ಚಹಾಕ್ಕೆ ಕರೆಯಲಿಲ್ಲ. ಹಿಂದೆಯೂ ಕರೆದಿರಲಿಲ್ಲ, ಆದರೆ ಈ ಸಲ ಕರೆಯದಿದ್ದುದು ಬೇರೆ ಥರ ಇತ್ತು.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿದ್ದ ನನ್ನ ಅಕ್ಕ ಕೂಡ, ಮಳೆಯಲ್ಲಿ ನಡೆದು ನಡೆದು ಕಾಲು ಊದಿದೆ, ಇಂಥ ತಮ್ಮ ಯಾರಿಗೂ ಬೇಡ ಎಂದು ಹೇಳಿ ಕಳಿಸಿದಳು.

ನಿಯಮ ಜಾರಿಗೆ ಬಂದ ಸೋಮವಾರವೇ ಶರಾವತಿ ಟ್ರಂಕಿನೊಂದಿಗೆ ಅರಳಸುರಳಿಗೆ ಹೋದಳು. ಅನ್ನ ಮಾಡಿದೆ. ಮೊದಲ ದಿನ ಅದು ಗಂಜಿಯಾಯಿತು, ಮರುದಿನ ಪಾತ್ರೆಗೆ ಅಂಟಿ ಪಾತ್ರೆಯ ಭಾಗವೇ ಆಯಿತು. ಮೂಕಮ್ಮ ಬೇಲಿಯಾಚೆಯಿಂದ, "ಗಿರಿಯ, ಉಂಡ್ಯೇನಾ? ತೊಂದ್ರೆ ಎಂಥಾದ್ರೂ ಇದ್ಯಾ?" ಎಂದು ಕೇಳಿದಳು. ಅವಳ ಒಲೆಯ ಮೇಲೆ ಮೀನಿನ ಸಾರು ಕುದಿಯುವ ವಾಸನೆ ಬರುತ್ತಿತ್ತು.

"ಉಂಡೆ ಮೂಕತ್ತೆ. ಎಂಥದೂ ತೊಂದ್ರೆ ಇಲ್ಲ," ಎಂದೆ.

ಅವಳು ಒಳಗೆ ಹೋದಳು. ದುಗ್ಗಪ್ಪನೂ ಕೇಳಿದ. ಅವನಿಗೂ ಅದನ್ನೇ ಹೇಳಿದೆ. ಊರಿನವರೆಲ್ಲ ಒಬ್ಬೊಬ್ಬರಾಗಿ ಕೇಳಿದರು, ಒಬ್ಬೊಬ್ಬರಾಗಿ ಸಮಾಧಾನಪಟ್ಟು ಹೋದರು. ನಾನು ಕಪ್ಪಾದ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಕತ್ತಲಾಗುವ ಮೊದಲೇ ಮಲಗಿಬಿಡುತ್ತಿದ್ದೆ. ಸಂಜೆ ಬಸ್ಸು ಹಾರ್ನು ಕೂಡ ಹೊಡೆಯದೆ ಕ್ರಾಸು ದಾಟಿ ಹೋಗುತ್ತಿತ್ತು. ಆ ಸದ್ದು ಕೇಳಬಾರದೆಂದು ಕಿವಿಗೆ ಕಂಬಳಿ ಎಳೆದುಕೊಳ್ಳುತ್ತಿದ್ದೆ.

ಶನಿವಾರ ಮಧ್ಯಾಹ್ನ ಶರಾವತಿ ನಿಲ್ದಾಣದಿಂದ ನಡೆದು ಬಂದಳು. ಚೀಲವನ್ನು ಕೆಳಗಿಡದೆ ಅಡುಗೆಮನೆಗೆ ಹೋಗಿ ಪಾತ್ರೆ ನೋಡಿದಳು. ನನ್ನ ಮುಖ ನೋಡಿದಳು. ಜಗಲಿಗೆ ಬಂದು ಸಾಹೇಬರು ಕೂತಿದ್ದ ಕುರ್ಚಿಯಲ್ಲೇ ಕೂತಳು.

"ಹೆಂಗಾಯ್ತು ವಾರ? ತೊಂದ್ರೆ ಆಯ್ತಾ?"

"ಎಂಥದೂ ಇಲ್ಲ," ಎಂದಿತು ನನ್ನ ಬಾಯಿ.

"ಹೌದಾ? ಒಳ್ಳೇದಾಯ್ತು. ನಂಗೂ ಪ್ರತಿ ವಾರ ನಡೆಯೋದು ಕಷ್ಟ. ಹಂಗಾದ್ರೆ ತಿಂಗಳಿಗೊಂದ್ಸಲ ಬಂದ್ರೂ ಸಾಕಲ್ಲ," ಎಂದು ಅವಳು ಎದ್ದಳು.

ಅವಳು ಮೆಟ್ಟಿಲು ಇಳಿಯತೊಡಗಿದಳು. ಎಲ್ಲಿತ್ತೋ ಧೈರ್ಯ.

"ತೊಂದರೆ ಇದೆ," ಎಂದೆ.

ಅವಳು ನಿಂತಳು. "ಎಂಥದು?"

"ಹಸಿವು. ಅನ್ನ ಮಾಡೋಕೆ ನಂಗೆ ಬರೋದಿಲ್ಲ, ಯಾವತ್ತೂ ಬತ್ತಿರಲಿಲ್ಲ. ಅದೂ ದೊಡ್ಡದಲ್ಲ. ಸಂಜೆ ಬಸ್ಸು ಹೋಗ್ತದೆ, ನೀನು ಇಳಿಯೋದಿಲ್ಲ. ನೀನಿಲ್ದೆ ಈ ಮನೇಲಿ ಕೂರೋಕೆ ಆಗೋದಿಲ್ಲ ಕಣೆ."

ಅವಳು ಹಿಂದಕ್ಕೆ ಬಂದು ಚೀಲ ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೋ ಏನೋ. ಆಮೇಲೆ ನಿಧಾನವಾಗಿ ಹೇಳಿದಳು. ಎಂಟೂವರೆ ಬಸ್ಸು ಹೊಡೆದು ಸಂಜೆ ಅದನ್ನೇ ವಾಪಸು ತರುವ ಡ್ರೈವರ್ ವಾಸಪ್ಪನನ್ನು ಅವಳು ಬುಧವಾರವೇ ಅರಳಸುರಳಿಯಲ್ಲಿ ಕಂಡು, ಬಸ್ಸು ಕ್ರಾಸಿನಲ್ಲಿ ನಿಲ್ಲದೆ ತನಗೆ ಕಷ್ಟವಾಗಿದೆ ಎಂದು ನೇರವಾಗಿ ಹೇಳಿದ್ದಳಂತೆ. ವಾಸಪ್ಪನ ಮಗಳು ಅವಳ ಶಾಲೆಯಲ್ಲಿ ಓದುವುದು. "ಅಯ್ಯೋ ಟೀಚರೆ, ಮೊದ್ಲೇ ಹೇಳೋದಲ್ದಾ? ನಿಲ್ಸಬಾರದು ಅಂತ ನಿಯಮ ಇದೆ, ಬಸ್ಸು ಕೆಡಬಾರದು ಅಂತ ಎಲ್ಲಿದೆ?" ಎಂದನಂತೆ ಅವನು. ಆದರೂ ಅವಳು ಅವನಿಗೆ ಹ್ಞೂಂ ಎಂದಿರಲಿಲ್ಲ. ಈಗಿನ ಏರ್ಪಾಡಿನ ಬಗ್ಗೆ ಮನೆಯಲ್ಲಿ ಯಾರಿಗಾದರೂ ಆಕ್ಷೇಪಣೆ ಇದೆಯೋ ಇಲ್ಲವೋ ಖುದ್ದು ವಿಚಾರಿಸಿ ಆಮೇಲೆ ತೀರ್ಮಾನ ಮಾಡೋಣವೆಂದು ಬಂದಿದ್ದಳು.

ಸೋಮವಾರದಿಂದ ಎಂಟೂವರೆ ಬಸ್ಸು ಹೋಗುವಾಗಲೂ ಸಂಜೆ ಬರುವಾಗಲೂ ನಮ್ಮ ಕ್ರಾಸಿನಲ್ಲಿ ಕೆಡತೊಡಗಿತು. ರಜಾದಿನಗಳಲ್ಲಿ ಕೆಡುವುದಿಲ್ಲ. ನಿಯಮಕ್ಕೆ ಚ್ಯುತಿ ಬರಬಾರದೆಂದು ನಾನು ದಿನಾ ಬೆಳಿಗ್ಗೆ ಒಂದು ಕೊಡಪಾನ ನೀರು ಹಿಡಿದು ರಸ್ತೆಯ ಬದಿಯಲ್ಲಿ ನಿಂತಿರುತ್ತೇನೆ. ವಾಸಪ್ಪ ಬಾನೆಟ್ಟು ಎತ್ತಿ ಮುಖ ಸಪ್ಪಗೆ ಮಾಡಿಕೊಂಡು ರೇಡಿಯೇಟರಿಗೆ ನೀರು ಹೊಯ್ಯುತ್ತಾನೆ, ಶರಾವತಿ ಹತ್ತಿ ಕಿಟಕಿಯ ಪಕ್ಕ ಕೂರುತ್ತಾಳೆ, ಬಸ್ಸು ರಿಪೇರಿಯಾಗುತ್ತದೆ.